ಮಕ್ಕಳ ಮುಂದಿನ ದಾರಿ: ಕಿರಣ ಚಿಕಿತ್ಸೆಯ ಕೋಣೆಯಲ್ಲೊಂದು ನೌಕರಿ

ಕಳೆದ ಸಂಚಿಕೆ ವಾಚಕರ ಕೈಸೇರಿದ ಮರುವಾರದ ಮಾತು. ಆದಿತ್ಯವಾರ ಮಧ್ಯಾಹ್ನ ಗ್ರಾಂಟ್ ರೋಡಿನ ನಮ್ಮ ಸಂಘದ ಕೋಣೆಯಲ್ಲಿ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಕುಳಿತಿದ್ದೆ. "ಮಾಸ್ಟ್ರೇ, ಒಳಗೆ ಬರಬಹುದಾ?" ಎಂಬ ದನಿ ಬಾಗಿಲಿನಿಂದ ಕೇಳಿತು. ತಲೆಯೆತ್ತಿ ನೋಡಿದರೆ, ಹಿಂದೆ ರಾತ್ರಿ ಶಾಲೆಯಲ್ಲಿ ನನ್ನ ಮುಂದಿನ ಬೆಂಚಿನಲ್ಲಿ ತೂಕಡಿಸುತ್ತ ಕುಳಿತಿರುತ್ತಿದ್ದ ಹುಡುಗ. ಹಗಲೆಲ್ಲ ಹೋಟೆಲಿನಲ್ಲಿ ಮೇಜು ಒರೆಸಿ ರಾತ್ರಿ ಪಾಠಕ್ಕೆ ಬರುತ್ತಿದ್ದವನು. ಈಗ ತಲೆ ನರೆತಿದೆ. ಅದೇ ಹೋಟೆಲಿನ ಗಲ್ಲೆಯಲ್ಲಿ ಕುಳಿತುಕೊಳ್ಳುತ್ತಾನೆ. ಜೊತೆಯಲ್ಲಿ ಹನ್ನೆರಡನೆಯ ತರಗತಿ ಮುಗಿಸಿದ ಮಗಳು.

"ಮಾಸ್ಟ್ರೇ, ಇವಳಿಗೆ ಡಾಕ್ಟರಿಕೆಗೆ ಸೀಟು ಸಿಗುವಷ್ಟು ಮಾರ್ಕು ಬರಲಿಲ್ಲ. ದುಡ್ಡು ಕೊಟ್ಟು ಸೀಟು ಕೊಳ್ಳುವ ಶಕ್ತಿ ನನಗಿಲ್ಲ. ಅದಿರಲಿ, ಇವಳ ಹಟವೇ ಬೇರೆ. ಕ್ಯಾನ್ಸರಿಗೆ ಲೈಟ್ ಕೊಡುತ್ತಾರಲ್ಲ, ಆ ಮೆಶಿನ್ ನಡೆಸುವ ಕೆಲಸ ಕಲಿಯುತ್ತಾಳಂತೆ. ಸಂಬಳ ಏನಿದೆಯೋ ಗೊತ್ತಿಲ್ಲ. ದಿನಾ ಆ ಕಿರಣದ ಹತ್ತಿರ ನಿಂತರೆ ನಾಳೆ ಇವಳ ಗತಿಯೇನು? ಮದುವೆಯಾಗಬೇಕಾದ ಹುಡುಗಿ. ನೀವಾದರೂ ಬುದ್ಧಿ ಹೇಳಿ."

ಹುಡುಗಿಯ ಕಡೆಗೆ ತಿರುಗಿ, "ಯಾಕಮ್ಮ ಈ ಆಸೆ?" ಎಂದು ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಎರಡು ವರ್ಷದ ಹಿಂದೆ ಅಮ್ಮನಿಗೆ ಗಂಟಲಲ್ಲಿ ಆಗಿತ್ತಲ್ಲ ಮಾಸ್ಟ್ರೇ, ಮೂವತ್ತಮೂರು ದಿನ ನಾನೇ ಕರೆದುಕೊಂಡು ಹೋದದ್ದು. ಒಳಗಿದ್ದ ಅಕ್ಕ ದಿನಾ ಅಮ್ಮನ ಹೆಸರು ಕೇಳುತ್ತಿದ್ದರು. ಗೊತ್ತಿದ್ದೂ ಕೇಳುತ್ತಿದ್ದರು. ಆಮೇಲೆ ಮುಖಕ್ಕೆ ಆ ಬಲೆ ಹಾಕುವಾಗ ಅಮ್ಮ ಹೆದರುತ್ತಾರೆಂದು ಕೈ ಹಿಡಿದುಕೊಂಡು 'ನಾನು ಹೊರಗಿನಿಂದ ನೋಡುತ್ತಾ ಇರುತ್ತೇನೆ' ಎನ್ನುತ್ತಿದ್ದರು. ಡಾಕ್ಟರು ವಾರಕ್ಕೊಮ್ಮೆ ಸಿಕ್ಕಿದರು. ಆ ಅಕ್ಕ ದಿನಾ ಸಿಕ್ಕಿದರು."

ತಂದೆ ತಲೆ ತಗ್ಗಿಸಿದ. ನನಗೂ ಒಮ್ಮೆಗೇ ಮಾತು ಹೊರಡಲಿಲ್ಲ.

ಬುದ್ಧಿ ಹೇಳುವುದು ಸುಲಭ, ವಾಚಕರೇ. ಹೇಳಿದ ಬುದ್ಧಿಯ ಫಲವನ್ನು ಉಣ್ಣುವವರು ಬೇರೆಯವರು. ಅನೇಕ ವರ್ಷಗಳ ಹಿಂದೆ ಇದೇ ಕೋಣೆಯಲ್ಲಿ ಒಬ್ಬ ಹುಡುಗನಿಗೆ, "ಒಂದೇ ವರ್ಷದ ಕೋರ್ಸು, ಕಡಮೆ ಫೀ, ಆಸ್ಪತ್ರೆಯಲ್ಲಿ ಕೆಲಸ ಖಂಡಿತ" ಎಂಬ ಜಾಹೀರಾತನ್ನು ನಂಬಿ ಒಂದು ಖಾಸಗಿ ಸಂಸ್ಥೆಗೆ ಸೇರಲು ನಾನೇ ಹೇಳಿದ್ದೆ. ಅವನ ತಾಯಿ ಬಳೆ ಒತ್ತೆಯಿಟ್ಟು ಫೀ ಕಟ್ಟಿದರು. ವರ್ಷ ಕಳೆದ ಮೇಲೆ ಆ ಸರ್ಟಿಫಿಕೇಟನ್ನು ಯಾವ ಆಸ್ಪತ್ರೆಯೂ ಮಾನ್ಯ ಮಾಡಲಿಲ್ಲ. ಹುಡುಗ ಮತ್ತೆ ಹೋಟೆಲಿಗೇ ಬಂದ. ಇಂದಿಗೂ ಎದುರು ಸಿಕ್ಕಿದರೆ ನಗುತ್ತಾನೆ. ನಾನೇ ಕಣ್ಣು ತಪ್ಪಿಸುತ್ತೇನೆ. ಆದುದರಿಂದ ಈ ಸಲ, "ಹದಿನೈದು ದಿನ ಸಮಯ ಕೊಡಿ" ಎಂದು ಹೇಳಿ ತಂದೆ ಮಗಳನ್ನು ಕಳುಹಿಸಿಕೊಟ್ಟೆ. ಆ ಹದಿನೈದು ದಿನಗಳಲ್ಲಿ ಓದಿ, ಕೇಳಿ, ತಿಳಿದುದನ್ನು ನಮ್ಮೆಲ್ಲ ಕುಟುಂಬಗಳ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಕೆಲಸವೇನು?

ನಮ್ಮವರ ಬಾಯಲ್ಲಿ "ಲೈಟ್ ಕೊಡುವುದು", "ಶೇಕ್ ಕೊಡುವುದು" ಎಂದು ರೂಢಿಯಾಗಿರುವ ಚಿಕಿತ್ಸೆಯ ಹೆಸರು ರೇಡಿಯೋಥೆರಪಿ, ಅಂದರೆ ವಿಕಿರಣ ಚಿಕಿತ್ಸೆ. 1895ರಲ್ಲಿ ರಾಂಟ್‌ಜನ್ ಕ್ಷ-ಕಿರಣವನ್ನು ಕಂಡುಹಿಡಿದನು. 1898ರಲ್ಲಿ ಕ್ಯೂರಿ ದಂಪತಿಗಳು ರೇಡಿಯಮ್ಮನ್ನು ಕಂಡುಹಿಡಿದರು. ಅಲ್ಲಿಂದೀಚೆಗೆ ಬೆಳೆದ ವಿದ್ಯೆಯಿದು. ಕ್ಯಾನ್ಸರ್ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಒಂದಲ್ಲ ಒಂದು ಹಂತದಲ್ಲಿ ಇದು ಬೇಕಾಗುತ್ತದೆ.

ಇದರಲ್ಲಿ ಮೂವರ ಕೈಯಿದೆ. ಎಲ್ಲಿಗೆ ಎಷ್ಟು ಕಿರಣ ಎಂದು ತೀರ್ಮಾನಿಸುವವರು ಡಾಕ್ಟರು. ಆ ಪ್ರಮಾಣ ಗಂಟಿಗೆ ಮಾತ್ರ ತಾಗಿ ಪಕ್ಕದ ಅಂಗಗಳಿಗೆ ಆದಷ್ಟು ಕಡಮೆ ತಾಗುವಂತೆ ಲೆಕ್ಕ ಹಾಕುವವರು ವೈದ್ಯಕೀಯ ಭೌತಶಾಸ್ತ್ರಜ್ಞರು. ದಿನದಿನವೂ ರೋಗಿಯನ್ನು ಮಲಗಿಸಿ, ಗುರುತಿಗೆ ಸರಿಯಾಗಿ ಹೊಂದಿಸಿ, ಯಂತ್ರವನ್ನು ನಡೆಸುವವರು ರೇಡಿಯೋಥೆರಪಿ ಟೆಕ್ನಾಲಜಿಸ್ಟರು. ನನ್ನ ಶಿಷ್ಯನಿಗೆ ನಾನು ಹೋಟೆಲಿನ ಭಾಷೆಯಲ್ಲೇ ಹೇಳಿದೆ: ಹಿಟ್ಟಿನ ಅಳತೆಯನ್ನು ಎಷ್ಟೇ ದೊಡ್ಡ ಭಟ್ಟರು ಬರೆದುಕೊಟ್ಟಿರಲಿ, ಕಾವಲಿಯ ಮುಂದೆ ನಿಂತವನ ಕೈ ತಪ್ಪಿದರೆ ದೋಸೆ ಕೆಟ್ಟಿತು. ಅಲ್ಲಿ ಕೆಡುವುದು ದೋಸೆ. ಇಲ್ಲಿ ಮನುಷ್ಯನ ದೇಹ.

ಗಂಟಲು, ಬಾಯಿ, ತಲೆಯ ಭಾಗಕ್ಕೆ ಚಿಕಿತ್ಸೆ ಕೊಡುವಾಗ ಒಂದು ಬಗೆಯ ಪ್ಲಾಸ್ಟಿಕ್ ಬಲೆಯನ್ನು ಬಿಸಿನೀರಿನಲ್ಲಿ ಮೆದುಮಾಡಿ ಮುಖಕ್ಕೆ ಒತ್ತುತ್ತಾರೆ. ತಣಿದಾಗ ಅದು ಆ ಮುಖದ ಅಚ್ಚಾಗಿ ನಿಲ್ಲುತ್ತದೆ. ಹುಡುಗಿ ಹೇಳಿದ ಬಲೆ ಅದೇ. ಅದು ತಲೆಯನ್ನು ಅಲುಗದಂತೆ ಹಿಡಿಯುತ್ತದೆ. ಗೋಡೆಯಿಂದ ಬರುವ ಲೇಸರ್ ಗೆರೆಗಳಿಗೆ ಗುರುತುಗಳನ್ನು ಸರಿಹೊಂದಿಸಿದ ಮೇಲೆ ಟೆಕ್ನಾಲಜಿಸ್ಟರು ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಕ್ಯಾಮರಾದಲ್ಲಿ ರೋಗಿಯನ್ನು ನೋಡುತ್ತಾರೆ, ಮೈಕಿನಲ್ಲಿ ಮಾತನಾಡಿಸುತ್ತಾರೆ. ಕಿರಣ ಹರಿಯುವುದು ಕೆಲವೇ ನಿಮಿಷ. ಹೀಗೆ ವಾರಕ್ಕೆ ಐದು ದಿನ, ಎಷ್ಟೋ ರೋಗಿಗಳಿಗೆ ಐದರಿಂದ ಏಳು ವಾರ.

ಗೊತ್ತಿದ್ದೂ ಹೆಸರು ಕೇಳುತ್ತಿದ್ದರೆಂದು ಹುಡುಗಿ ಹೇಳಿದಳಲ್ಲವೇ? ಅದು ಬರಿಯ ಸೌಜನ್ಯವಲ್ಲ, ಕೆಲಸದ ನಿಯಮ. ಒಬ್ಬರ ಲೆಕ್ಕದ ಕಿರಣ ಇನ್ನೊಬ್ಬರಿಗೆ ಹೋಗಬಾರದೆಂದು ಪ್ರತಿದಿನವೂ ರೋಗಿಯ ಬಾಯಿಂದಲೇ ಹೆಸರು ಹೇಳಿಸಿ, ಕಡತದೊಡನೆ ತಾಳೆ ನೋಡಬೇಕು. ಮೂವತ್ತಮೂರನೆಯ ದಿನವೂ ಮೊದಲ ದಿನದಷ್ಟೇ ಎಚ್ಚರಿಕೆ. ಈ ಸ್ವಭಾವವಿಲ್ಲದವರು ಈ ದಾರಿಗೆ ಹೋಗತಕ್ಕದ್ದಲ್ಲ.

ಭಯಕ್ಕೆ ಕಾರಣವುಂಟೇ?

ಇದೇ ತಂದೆಯ ಮುಖ್ಯ ಪ್ರಶ್ನೆ. ಕಿರಣ ಅಪಾಯಕಾರಿಯಲ್ಲವೆಂದು ಯಾರೂ ಹೇಳಲಾರರು. ಅಪಾಯಕಾರಿಯಾದುದರಿಂದಲೇ ಇಷ್ಟು ಕಟ್ಟುಪಾಡು. ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಲೀನಿಯರ್ ಆಕ್ಸಿಲರೇಟರ್ ಎಂಬ ಯಂತ್ರ. ವಿದ್ಯುತ್ತಿನಿಂದ ಕಿರಣವನ್ನು ಹುಟ್ಟಿಸುವ ಯಂತ್ರವಿದು. ಗುಂಡಿ ಆರಿಸಿದರೆ ಕಿರಣವೂ ನಿಂತಿತು. ಇನ್ನೊಂದು ಕೋಬಾಲ್ಟ್ ಯಂತ್ರ. ಅದರೊಳಗಿನ ಕೋಬಾಲ್ಟ್-60 ಹಗಲಿರುಳೂ ಕಿರಣ ಸೂಸುವ ವಸ್ತು. ಅದನ್ನು ದಪ್ಪನೆಯ ಲೋಹದ ಕವಚದೊಳಗೆ ಮುಚ್ಚಿಟ್ಟು ಚಿಕಿತ್ಸೆಯ ಹೊತ್ತಿಗೆ ಮಾತ್ರ ತೆರೆಯುತ್ತಾರೆ. ಅದರ ಬಲ 5.27 ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ನಮ್ಮ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರೇ ನಿರ್ಮಿಸಿದ 'ಭಾಭಾಟ್ರಾನ್' ಈ ಜಾತಿಯದು.

ಯಾವ ಯಂತ್ರವೇ ಇರಲಿ, ಚಿಕಿತ್ಸೆಯ ಹೊತ್ತಿನಲ್ಲಿ ಒಳಗೆ ರೋಗಿಯ ಹೊರತು ಬೇರಾರೂ ಇರುವಂತಿಲ್ಲ. ಬಲು ದಪ್ಪ ಕಾಂಕ್ರೀಟ್ ಗೋಡೆಗಳ ಕೋಣೆ. ಬಾಗಿಲು ತೆರೆದರೆ ಯಂತ್ರ ತಾನಾಗಿ ನಿಲ್ಲುತ್ತದೆ. ಟೆಕ್ನಾಲಜಿಸ್ಟರ ಎದೆಯ ಮೇಲೆ ಟಿ.ಎಲ್.ಡಿ. ಎಂಬ ಒಂದು ಚಿಕ್ಕ ಬಿಲ್ಲೆಯಿರುತ್ತದೆ. ನಮ್ಮ ಪತ್ರಿಕೆಯಂತೆಯೇ ಮೂರು ತಿಂಗಳಿಗೊಮ್ಮೆ ಅದರ ಲೆಕ್ಕ ಹೊರಡುತ್ತದೆ: ಈ ಮನುಷ್ಯನಿಗೆ ಎಷ್ಟು ಕಿರಣ ತಾಗಿತು ಎಂದು. ಇದರ ಮೇಲೆಲ್ಲ ಕಣ್ಣಿಟ್ಟಿರುವುದು 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಲಿ. ಅದರ ಕಚೇರಿ ನಮ್ಮ ಮುಂಬಯಿಯ ಅಣುಶಕ್ತಿ ನಗರದಲ್ಲಿಯೇ ಇದೆ. ಅದರ ನಿಯಮದಂತೆ ಕೆಲಸಗಾರನಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಕೂಡದು. ಯಾವ ಒಂದು ವರ್ಷದಲ್ಲಿಯೂ 30 ಮೀರಕೂಡದು. ಇದು ಮೇಲಿನ ಮಿತಿ ಮಾತ್ರ. ನಿಯಮ ಪಾಲಿಸುವ ಕಡೆ ತಾಗುವುದು ಇದಕ್ಕಿಂತ ಎಷ್ಟೋ ಕಡಮೆ. ಹೋಲಿಕೆಗೆ ಒಂದು ಮಾತು: ಮಣ್ಣು, ಗಾಳಿ, ಆಕಾಶಗಳಿಂದ ಭೂಮಿಯ ಮೇಲಿನ ಪ್ರತಿಯೊಬ್ಬರಿಗೂ ಸರಾಸರಿ ವರ್ಷಕ್ಕೆ 2.4 ಮಿಲಿಸೀವರ್ಟ್ ತಾಗಿಯೇ ತಾಗುತ್ತದೆ.

ಮದುವೆಯ ಮಾತು. ಹೆಣ್ಣುಮಕ್ಕಳು ಈ ಕೆಲಸ ಮಾಡಬಾರದೆಂದು ನಿಯಮವಿಲ್ಲ. ಬಸುರಿಯಾದವಳು ಅದನ್ನು ತಿಳಿದ ಕೂಡಲೇ ಆಸ್ಪತ್ರೆಗೆ ತಿಳಿಸಬೇಕು. ಆಗ ಗರ್ಭದ ಶಿಶುವಿಗೆ ಉಳಿದ ತಿಂಗಳುಗಳಲ್ಲಿ ಒಟ್ಟು 1 ಮಿಲಿಸೀವರ್ಟ್ ಮೀರದಂತೆ ಕೆಲಸವನ್ನು ಬದಲಿಸಿಕೊಡುವುದು ಆಸ್ಪತ್ರೆಯ ಕರ್ತವ್ಯ. ವರನ ಕಡೆಯವರು ಕೇಳಿದರೆ ಇಷ್ಟನ್ನು ಧೈರ್ಯವಾಗಿ ಹೇಳಬಹುದು.

ಸಂಬಳವೆಷ್ಟು?

ಸರಕಾರದ ಲೆಕ್ಕ ಮೊದಲು, ಏಕೆಂದರೆ ಅದು ಅಚ್ಚಾಗಿ ಎಲ್ಲರ ಕಣ್ಣಿಗೆ ಬೀಳುವ ಲೆಕ್ಕ. 2016ರಿಂದ ಜಾರಿಗೆ ಬಂದ 7ನೆಯ ಕೇಂದ್ರ ವೇತನ ಆಯೋಗದ ಪಟ್ಟಿಯಲ್ಲಿ 4ನೆಯ ಹಂತದ ಮೂಲವೇತನ 25,500 ರೂಪಾಯಿ, 6ನೆಯ ಹಂತದ್ದು 35,400, 7ನೆಯ ಹಂತದ್ದು 44,900. ಪರಮಾಣು ಶಕ್ತಿ ಇಲಾಖೆಯ ಸಂಸ್ಥೆಗಳಲ್ಲಿ 'ಟೆಕ್ನಿಶಿಯನ್ ಸಿ' ಎಂಬ ಹುದ್ದೆ 4ನೆಯ ಹಂತಕ್ಕೆ ಸೇರಿದ್ದು. 'ಸೈಂಟಿಫಿಕ್ ಅಸಿಸ್ಟೆಂಟ್ ಬಿ' 6ನೆಯದಕ್ಕೆ. 'ಸೈಂಟಿಫಿಕ್ ಅಸಿಸ್ಟೆಂಟ್ ಸಿ' 7ನೆಯದಕ್ಕೆ. ಡಿಪ್ಲೊಮಾ, ಪದವಿ, ಅನುಭವ ಇವುಗಳಿಗೆ ತಕ್ಕಂತೆ ಈ ಮೆಟ್ಟಿಲುಗಳಲ್ಲಿ ಒಂದರ ಮೇಲೆ ಕಾಲಿಡುವುದು.

6ನೆಯ ಹಂತದಲ್ಲಿ ಸೇರಿದವಳ ಲೆಕ್ಕ ನೋಡೋಣ. ಮೂಲವೇತನ 35,400. ಮುಂಬಯಿ ದೊಡ್ಡ ನಗರಗಳ ವರ್ಗಕ್ಕೆ ಸೇರಿದುದರಿಂದ, ತುಟ್ಟಿಭತ್ಯ ಮೂಲವೇತನದ ಅರ್ಧ ಮುಟ್ಟಿದ ಮೇಲೆ ಮನೆಬಾಡಿಗೆ ಭತ್ಯ ಶೇಕಡಾ 30 ಎಂದು ಆ ಆಯೋಗದ ಏರ್ಪಾಡು. ಅದು 10,620 ರೂಪಾಯಿ. ಇವೆರಡೇ 46,020. ತುಟ್ಟಿಭತ್ಯ ಬೇರೆ. ಮೂಲವೇತನ ವರ್ಷಕ್ಕೆ ಸುಮಾರು ಶೇಕಡಾ 3ರಂತೆ ಏರಿ, ಹತ್ತು ಏರಿಕೆಗಳ ಮೇಲೆ ಅದೇ ಹಂತದಲ್ಲಿ 47,600 ಆಗುತ್ತದೆ. ಶ್ರೀಮಂತಿಕೆಯಲ್ಲ, ಆದರೆ ತಿಂಗಳ ಕೊನೆಗೆ ಕೈಚಾಚಬೇಕಾಗದ ಬದುಕು. ಈ ಅಂಕಿಗಳನ್ನು ಕೇಳಿ ನನ್ನ ಶಿಷ್ಯ ಬಿಲ್ಲಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಕೂಡಿಸಿ ನೋಡಿ, ಮತ್ತೊಮ್ಮೆ ಕೂಡಿಸಿದ.

ಆದರೆ ಇಲ್ಲಿ ಎರಡು ಎಚ್ಚರಿಕೆ. ಮೊದಲನೆಯದು, ಸರಕಾರಿ ಹುದ್ದೆಗಳು ಕೆಲವೇ. ಜಾಹೀರಾತು ಯಾವಾಗಲೋ ಬರುತ್ತದೆ, ಅರ್ಜಿಗಳು ರಾಶಿ ಬೀಳುತ್ತವೆ, ಎಷ್ಟೋ ಕಡೆ ಮೊದಲು ಸಿಗುವುದು ಕರಾರಿನ ಕೆಲಸ. ಎರಡನೆಯದು, ಖಾಸಗಿ ಆಸ್ಪತ್ರೆಗಳಿಗೆ ಹೀಗೆ ಅಚ್ಚಾದ ಪಟ್ಟಿಯಿಲ್ಲ. ಹೊಸಬರಿಗೆ ಸರಕಾರಿ ಶ್ರೇಣಿಗಿಂತ ಕಡಮೆಯೇ ಕೊಡುವ ಕಡೆಗಳುಂಟು. ಸೇರುವ ಮೊದಲು ಮೂಲವೇತನ, ಪಿ.ಎಫ್., ರಜೆ, ಪಾಳಿ ಇವನ್ನು ಬರವಣಿಗೆಯಲ್ಲಿ ಪಡೆಯಬೇಕು. ಬಾಯಿಮಾತಿನ ಸಂಬಳ ತಿಂಗಳ ಕೊನೆಗೆ ಬೇರೆಯೇ ಆಗುವುದನ್ನು ನಮ್ಮ ಹೋಟೆಲ್ ಹುಡುಗರಿಗೆ ಯಾರೂ ಕಲಿಸಬೇಕಾಗಿಲ್ಲ.

ಪರದೇಶದ ಮಾತು ಹೇಳದೆ ಬಿಡುವಂತಿಲ್ಲ, ಏಕೆಂದರೆ ಎಲ್ಲರೂ ಅದನ್ನೇ ಕೇಳುತ್ತಾರೆ. ಅಮೇರಿಕದಲ್ಲಿ 2023ರ ಮೇ ತಿಂಗಳ ಸರಕಾರಿ ಲೆಕ್ಕದಂತೆ ಈ ಕೆಲಸದವರಲ್ಲಿ ನಟ್ಟನಡುವಿನವನ ವಾರ್ಷಿಕ ವೇತನ 98,300 ಡಾಲರ್. ಇಂಗ್ಲೆಂಡಿನ ಸರಕಾರಿ ಆರೋಗ್ಯ ಸೇವೆಯಲ್ಲಿ ಹೊಸಬರು ಸೇರುವ 5ನೆಯ ಶ್ರೇಣಿಗೆ 2024-25ರಲ್ಲಿ ಆರಂಭ ವೇತನ 29,970 ಪೌಂಡ್. ದೂರದ ಬೆಟ್ಟ ನುಣ್ಣಗೆ. ಅಮೇರಿಕದಲ್ಲಿ ಅಲ್ಲಿಯ ನೋಂದಣಿ ಸಂಸ್ಥೆ ಒಪ್ಪುವ ಶಿಕ್ಷಣ ಮತ್ತು ಅದರ ಪರೀಕ್ಷೆ ಬೇಕು. ನಮ್ಮ ಪದವಿ ಒಂದೇ ಸಾಲದು. ಇಂಗ್ಲೆಂಡಿನಲ್ಲಿ ನಮ್ಮ ಪದವಿ, ಅನುಭವಗಳನ್ನು ಪರಿಶೀಲಿಸಿ ನೋಂದಣಿ ಕೊಡುವ ಪದ್ಧತಿಯಿದೆ. ನೋಂದಣಿಯಿಲ್ಲದೆ ಆ ಹುದ್ದೆಯ ಹೆಸರನ್ನು ಇಟ್ಟುಕೊಳ್ಳುವುದೇ ಅಪರಾಧ. ಆ ಪೌಂಡುಗಳಲ್ಲಿಯೇ ಅಲ್ಲಿಯ ಮನೆಬಾಡಿಗೆಯೂ ಹೋಗಬೇಕು. ಮೊದಲು ಇಲ್ಲಿ ಪಳಗಿ ಆಮೇಲೆ ಅತ್ತ ನೋಡುವುದು ಜಾಣತನ.

ಕಲಿಯುವುದೆಲ್ಲಿ?

ನಾನು ಹಿಂದೆ ಎಡವಿದ್ದು ಇಲ್ಲಿಯೇ. ವಾಚಕರು ದಯವಿಟ್ಟು ನಿಧಾನವಾಗಿ ಓದಬೇಕು. ಎಕ್ಸ್‌ರೇ ತೆಗೆಯುವ ವಿದ್ಯೆ ಬೇರೆ, ಕಿರಣ ಚಿಕಿತ್ಸೆಯ ವಿದ್ಯೆ ಬೇರೆ. 'ರೇಡಿಯೋಲಜಿ', 'ಇಮೇಜಿಂಗ್' ಎಂದು ಬರೆದ ಸರ್ಟಿಫಿಕೇಟು ಚಿಕಿತ್ಸೆಯ ಕೋಣೆಗೆ ನಡೆಯದು. 'ರೇಡಿಯೋಥೆರಪಿ ಟೆಕ್ನಾಲಜಿ' ಎಂದೇ ಇರಬೇಕು. ಹನ್ನೆರಡನೆಯ ತರಗತಿಯಲ್ಲಿ ವಿಜ್ಞಾನ ಓದಿರಬೇಕು. ಪದವಿಯಾದರೆ ಸಾಮಾನ್ಯವಾಗಿ ಮೂರು ವರ್ಷ ಪಾಠ, ಒಂದು ವರ್ಷ ಆಸ್ಪತ್ರೆಯಲ್ಲಿ ಅಭ್ಯಾಸ. 2021ರಲ್ಲಿ ಸಂಸತ್ತು ಈ ಬಗೆಯ ವೃತ್ತಿಗಳಿಗಾಗಿ ಒಂದು ರಾಷ್ಟ್ರೀಯ ಆಯೋಗದ ಕಾಯಿದೆ ಮಾಡಿತು. ಅದರಂತೆ ಇಂಥ ವೃತ್ತಿಗೆ ಕನಿಷ್ಠವೆಂದರೆ ಎರಡು ವರ್ಷಕ್ಕೆ ಕಡಮೆಯಿಲ್ಲದ, 2,000 ಗಂಟೆಗಳ ಶಿಕ್ಷಣ ಬೇಕು. ಮೇಲಿನ ವರ್ಗಕ್ಕೆ ಮೂರು ವರ್ಷಕ್ಕೆ ಕಡಮೆಯಿಲ್ಲದ, 3,600 ಗಂಟೆಗಳ ಪದವಿ. ಆದುದರಿಂದ 'ಆರು ತಿಂಗಳು', 'ಒಂದು ವರ್ಷ' ಎಂದು ಯಾರಾದರೂ ಹೇಳಿದರೆ ಅಲ್ಲಿಂದಲೇ ನಮಸ್ಕಾರ ಹಾಕಿ ಹಿಂದಿರುಗಬೇಕು.

ಊರಿನ ಕಡೆ ಕಳುಹಿಸಬಲ್ಲವರಿಗೆ, ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದಲ್ಲಿ ರೇಡಿಯೋಥೆರಪಿ ಟೆಕ್ನಾಲಜಿಯ ಬಿ.ಎಸ್‌ಸಿ. ಇದೆ. 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆಯಂಥ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕಲಿಯುವವರಿಗೆ ದಿನಾ ಬರುವ ರೋಗಿಗಳ ಸಂಖ್ಯೆಯೇ ಗುರು. ಎಲ್ಲಿಯೇ ಸೇರಲಿ, ಕೇಳಬೇಕಾದ ಪ್ರಶ್ನೆಗಳು ನಾಲ್ಕು: ವಿಶ್ವವಿದ್ಯಾನಿಲಯ ಯಾವುದು? ಕಾಲೇಜಿನ ಆಸ್ಪತ್ರೆಯಲ್ಲಿ ಸ್ವಂತ ಚಿಕಿತ್ಸಾ ಯಂತ್ರವಿದೆಯೇ, ಎಷ್ಟು ಇವೆ? ಈ ಪದವಿ ನಿಯಂತ್ರಣ ಮಂಡಲಿಯ ಅರ್ಹತೆಗೆ ಹೊಂದುತ್ತದೆಯೇ? ಹಿಂದಿನ ವರ್ಷ ಪಾಸಾದವರು ಈಗ ಎಲ್ಲಿದ್ದಾರೆ? ಈ ನಾಲ್ಕಕ್ಕೆ ನೇರವಾದ ಉತ್ತರ ಕೊಡದ ಕಡೆ ಹಣ ಕಟ್ಟಬೇಡಿ. ಪ್ರವೇಶದ ನಿಯಮಗಳು ಆಗಾಗ ಬದಲಾಗುತ್ತವೆ. ಆಯಾ ವರ್ಷದ ಪ್ರಕಟಣೆಯನ್ನೇ ನೋಡಬೇಕು.

ಗಣಿತ, ಭೌತಶಾಸ್ತ್ರಗಳಲ್ಲಿ ಚುರುಕಾದ ಮಕ್ಕಳಿಗೆ ಇನ್ನೊಂದು ದಾರಿಯೂ ಉಂಟು. ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮಾಡಿದವರಿಗೆ ಭಾಭಾ ಕೇಂದ್ರದವರು 1962ರಿಂದ ನಡೆಸಿಕೊಂಡು ಬಂದ ವಿಕಿರಣ ಭೌತಶಾಸ್ತ್ರದ ಡಿಪ್ಲೊಮಾ ಇದೆ; ಅದು ಲೆಕ್ಕ ಹಾಕುವ ಭೌತಶಾಸ್ತ್ರಜ್ಞರ ಹುದ್ದೆಗೆ ಒಯ್ಯುತ್ತದೆ. ಓದು ದೀರ್ಘ, ಸಂಬಳವೂ ಹೆಚ್ಚು.

ಮುಂದೇನು?

2022ರ ಅಂತಾರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷ ಹೊಸದಾಗಿ ಕ್ಯಾನ್ಸರ್ ಬಂದವರು ಸುಮಾರು 14 ಲಕ್ಷ. ಇಷ್ಟು ಜನರಿಗೆ ಯಂತ್ರಗಳೂ ಸಾಲವು, ಕೈಗಳೂ ಸಾಲವು. ಗ್ರಾಂಟ್ ರೋಡಿನಿಂದ ಸ್ಲೋ ಲೋಕಲ್ ಹಿಡಿದರೆ ನಾಲ್ಕನೆಯ ನಿಲ್ದಾಣ ಪ್ರಭಾದೇವಿ. ಅಲ್ಲಿಂದ ಪರೇಲಿನ ಕಡೆ ದಾಟಿದರೆ ಟಾಟಾ ಆಸ್ಪತ್ರೆ. 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಲೇಡಿ ಮೆಹರ್‌ಬಾಯಿ ಟಾಟಾ ಅವರ ನೆನಪಿಗೆ ಸಂಬಂಧಿಸಿದ ಈ ಆಸ್ಪತ್ರೆ 1941ರ ಫೆಬ್ರವರಿ 28ರಂದು ತೆರೆಯಿತು. 1962ರಲ್ಲಿ ಪರಮಾಣು ಶಕ್ತಿ ಇಲಾಖೆಯ ಕೈಗೆ ಬಂದಿತು. ಇಲ್ಲಿ ಕಿರಣ ಚಿಕಿತ್ಸೆಯನ್ನು ಹೊಸಗಾಲಕ್ಕೆ ತಂದ ಡಾ. ಕೇತಾಯುನ್ ದಿನ್‌ಶಾ ಹೆಣ್ಣುಮಗಳೆಂಬುದನ್ನು ನಮ್ಮ ತಂದೆತಾಯಿಗಳು ನೆನಪಿಡಬೇಕು. ಈಗ ಈ ಸಂಸ್ಥೆಯ ಶಾಖೆಗಳು ವಾರಾಣಸಿ, ಸಂಗ್ರೂರ್, ಗುವಾಹಾಟಿಗಳವರೆಗೆ ಹಬ್ಬಿವೆ. ಖಾರ್‌ಘರಿನಲ್ಲಿ ಪ್ರೋಟಾನ್ ಕಿರಣದ ಹೊಸ ಯಂತ್ರ 2023ರಲ್ಲಿ ರಾಷ್ಟ್ರಕ್ಕೆ ಅರ್ಪಿತವಾಯಿತು. ಇಂಥ ಕಡೆಗಳಲ್ಲಿ ಪಳಗಿದವರು ಹಿರಿಯ ಟೆಕ್ನಾಲಜಿಸ್ಟರಾಗಬಹುದು, ಕಲಿಸುವವರಾಗಬಹುದು, ಯಂತ್ರ ತಯಾರಿಸುವ ಕಂಪನಿಗಳಲ್ಲಿ ತರಬೇತಿ ಕೊಡುವ ಕೆಲಸಕ್ಕೂ ಹೋಗಬಹುದು.

ಒಂದು ಕಷ್ಟವನ್ನು ಮಾತ್ರ ಯಾವ ಸಂಬಳದ ಪಟ್ಟಿಯೂ ಹೇಳುವುದಿಲ್ಲ. ದಿನವೂ ನೋವಿನ ಮುಖಗಳನ್ನೇ ನೋಡಬೇಕು. ಆರು ವಾರ ಹೆಸರು ಹಿಡಿದು ಕರೆದವರು ಮುಂದಿನ ವರ್ಷ ಇರದೇ ಹೋಗಬಹುದು. ಹದಿನೈದು ದಿನಗಳ ಮೇಲೆ ತಂದೆ ಮಗಳು ಮತ್ತೆ ಬಂದಾಗ ಇದನ್ನೂ ಹೇಳಿದೆ. ಹುಡುಗಿ ಕೇಳಿದಳು: "ಗುಣವಾಗದವರಿಗೂ ಲೈಟ್ ಕೊಡುತ್ತಾರಲ್ಲ ಮಾಸ್ಟ್ರೇ, ಅದು ಯಾಕೆ?" "ನೋವು ಕಡಮೆಯಾಗಲಿ ಎಂದು" ಎಂದೆ. "ಹಾಗಾದರೆ ಅದೂ ಕೆಲಸವೇ ಅಲ್ಲವಾ?" ಎಂದಳು.

ತಂದೆ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದ. ಕೊನೆಗೆ, "ಫೀಗೆ ನಾನು ಹೇಗಾದರೂ ಮಾಡುತ್ತೇನೆ. ಆದರೆ ಕಾಲೇಜಿನ ಕಾಗದ ಓದಿ ನೋಡಲು ನನಗೆ ಬಾರದು ಮಾಸ್ಟ್ರೇ" ಎಂದ.

"ನಾನು ಬರುತ್ತೇನೆ" ಎಂದೆ. ಮುಂದಿನ ತಿಂಗಳು ಆ ನಾಲ್ಕು ಪ್ರಶ್ನೆಗಳನ್ನು ಬರೆದುಕೊಂಡು ನಾವು ಮೂವರೂ ಹೊರಡುವುದೆಂದು ನಿಶ್ಚಯವಾಗಿದೆ. ಹಿಂದೆ ಜಾಹೀರಾತನ್ನು ಓದಿ ಬುದ್ಧಿ ಹೇಳಿದೆ. ಈ ಸಲ ಬಾಗಿಲು ತಟ್ಟಿ, ಒಳಗಿನ ಯಂತ್ರವನ್ನು ಕಣ್ಣಾರೆ ಕಂಡ ಮೇಲೆಯೇ ಹೇಳುತ್ತೇನೆ.

ನಮ್ಮ ಕುಟುಂಬಗಳಲ್ಲಿ ಈಗಾಗಲೇ ಈ ಕೆಲಸದಲ್ಲಿರುವವರಿದ್ದರೆ ಸಂಘದ ಕೋಣೆಗೆ ಒಮ್ಮೆ ಬಂದು ಹೋಗಬೇಕೆಂದು ವಿನಂತಿ. ಹೊಸದಾಗಿ ಹೊರಟ ಮಕ್ಕಳಿಗೆ ನನ್ನ ಲೇಖನಕ್ಕಿಂತ ನಿಮ್ಮ ಅರ್ಧ ಗಂಟೆಯ ಮಾತು ಹೆಚ್ಚು ಉಪಯೋಗ. ಮುಂದಿನ ಸಂಚಿಕೆಯಲ್ಲಿ ಮತ್ತೆ ಕಾಣೋಣ.